ಆರು, ಹನ್ನೆರಡು, ಮೂರು: ಮಿಯಾಸಿಸ್‌ನಲ್ಲಿ ಏನನ್ನು ಎಣಿಸಬೇಕು

ಪ್ರಥಮ ಪಿಯುಸಿಯಲ್ಲಿ ಕೋಶ ವಿಭಜನೆಯನ್ನು ಓದುತ್ತೇವೆ, ದ್ವಿತೀಯ ಪಿಯುಸಿಯಲ್ಲಿ ಮೆಂಡೆಲ್‌ನ ಬಟಾಣಿ ಪ್ರಯೋಗಗಳನ್ನು ಓದುತ್ತೇವೆ. ನಡುವೆ ಒಂದು ವರ್ಷ ಕಳೆಯುವುದರಿಂದ ಇವು ಎರಡು ಬೇರೆ ವಿಷಯಗಳೆಂಬ ಭಾವನೆ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ವಾಸ್ತವದಲ್ಲಿ ಮೊದಲನೆಯದು ಸೂಕ್ಷ್ಮದರ್ಶಕದಲ್ಲಿ ಕಂಡ ಘಟನೆ. ಎರಡನೆಯದು ಅದೇ ಘಟನೆಯ ಫಲವನ್ನು ತೋಟದಲ್ಲಿ ಬೀಜ ಎಣಿಸಿ ತಿಳಿದದ್ದು. ಇವೆರಡೂ ಸೇರುವ ಜಾಗ ಮಿಯಾಸಿಸ್‌ನ, ಅಂದರೆ ಅಂಡ, ವೀರ್ಯಾಣುಗಳಂತಹ ಲಿಂಗಾಣುಗಳನ್ನು ಕೊಡುವ ಎರಡು ಸುತ್ತಿನ ಕೋಶ ವಿಭಜನೆಯ, ಮೊದಲ ವಿಭಜನೆ. ನನ್ನ ಓದು ಅತಿ ಹೆಚ್ಚು ಹೊತ್ತು ನಿಂತದ್ದೂ ಅಲ್ಲಿಯೇ ಆದ್ದರಿಂದ ಈ ಟಿಪ್ಪಣಿಯ ಬಹುಪಾಲು ಅದಕ್ಕೇ ಮೀಸಲಾಗಿದೆ.

ಮೈಟಾಸಿಸ್, ಬೇಗನೆ

ಮೈಟಾಸಿಸ್ ಎಂದರೆ ಒಂದು ಕೋಶ ತನ್ನಂತಹದೇ ಎರಡು ಕೋಶಗಳಾಗುವ ಸಾಮಾನ್ಯ ವಿಭಜನೆ. ಜರ್ಮನ್ ವಿಜ್ಞಾನಿ ವಾಲ್ಟರ್ ಫ್ಲೆಮಿಂಗ್ 1882ರ ತನ್ನ ಪುಸ್ತಕದಲ್ಲಿ ವಿವರಿಸಿದ ಈ ವಿಭಜನೆಯಲ್ಲಿ ಪ್ರೊಫೇಸ್, ಮೆಟಾಫೇಸ್, ಅನಾಫೇಸ್, ಟೆಲೊಫೇಸ್ ಎಂಬ ನಾಲ್ಕು ಹಂತಗಳಿವೆ. ಈರುಳ್ಳಿ ಬೇರಿನ ತುದಿಗೆ ಬಣ್ಣ ಹಾಕಿ ಸ್ಲೈಡ್ ಮಾಡಿದವರು ಇವನ್ನು ಕಣ್ಣಾರೆ ನೋಡಿರುತ್ತಾರೆ. ಮುಂದಿನ ಲೆಕ್ಕಕ್ಕೆ ಇಲ್ಲಿಂದ ಒಂದೇ ಮಾತು ಬೇಕು: ಡಿಎನ್‌ಎ ಇಮ್ಮಡಿಯಾಗುವುದು ವಿಭಜನೆಯ ಸಮಯದಲ್ಲಿ ಅಲ್ಲ, ಅದಕ್ಕೂ ಮುಂಚೆ, ಎಸ್ ಹಂತದಲ್ಲಿ. ಸುಮಾರು 24 ಗಂಟೆಗೊಮ್ಮೆ ವಿಭಜಿಸುವ ಮಾನವ ಕೋಶದಲ್ಲಿ ನಾವು ಚಿತ್ರ ಬರೆದು ಕಲಿಯುವ ನಾಲ್ಕೂ ಹಂತಗಳು ಸೇರಿ ಸುಮಾರು ಒಂದು ಗಂಟೆಯಲ್ಲಿ ಮುಗಿಯುತ್ತವೆ; ಉಳಿದ ಸಮಯವೆಲ್ಲ ತಯಾರಿಯದು.

ಎರಡು ಲೆಕ್ಕಗಳನ್ನು ಬೇರೆಯಾಗಿಡುವುದು

ಮಾನವನ 46 ವರ್ಣತಂತುಗಳನ್ನು (ಡಿಎನ್‌ಎಯನ್ನು ಹೊತ್ತ ಎಳೆಗಳನ್ನು) ಇಟ್ಟುಕೊಂಡು ಮಿಯಾಸಿಸ್ ಕಲಿಯುವುದು ಕಷ್ಟ, ಏಕೆಂದರೆ ಅಷ್ಟನ್ನು ಕಾಗದದ ಮೇಲೆ ಬರೆಯಲಾಗದು. ನಮ್ಮ ಬಂಡೀಪುರ, ನಾಗರಹೊಳೆ ಕಾಡುಗಳಲ್ಲಿರುವ ಕಾಡುಕುರಿ (ಮುಂಟ್‌ಜಾಕ್ ಎಂಬ ಸಣ್ಣ ಜಿಂಕೆ) ಇದಕ್ಕೆ ಅತ್ಯುತ್ತಮ ಉದಾಹರಣೆ. ಸಸ್ತನಿಗಳಲ್ಲೇ ಅತಿ ಕಡಿಮೆ ವರ್ಣತಂತುಗಳಿರುವ ಪ್ರಾಣಿ ಇದು: ಹೆಣ್ಣಿನಲ್ಲಿ 6, ಗಂಡಿನಲ್ಲಿ 7. ಇದರ ಹತ್ತಿರದ ಸಂಬಂಧಿಯಾದ ಚೀನಾದ ಮುಂಟ್‌ಜಾಕ್‌ನಲ್ಲಿ 46 ಇವೆ. ಆದ್ದರಿಂದ ವರ್ಣತಂತುಗಳ ಸಂಖ್ಯೆಯನ್ನು ನೋಡಿ ಪ್ರಾಣಿಯ ಸಂಕೀರ್ಣತೆಯನ್ನು ಅಳೆಯಲು ಹೋಗಬಾರದು. ಗಂಡಿನ ಬೆಸಸಂಖ್ಯೆ ಲಿಂಗ ವರ್ಣತಂತುವೊಂದು ಬೇರೊಂದರೊಡನೆ ಬೆಸೆದುಕೊಂಡದ್ದರ ಫಲ. ಅದನ್ನು ಬದಿಗಿಟ್ಟು ಹೆಣ್ಣು ಕಾಡುಕುರಿಯನ್ನು ಮಾತ್ರ ತೆಗೆದುಕೊಳ್ಳೋಣ. ಆರು ವರ್ಣತಂತುಗಳು, ಅಂದರೆ ಮೂರು ಜೋಡಿ. ಪ್ರತಿ ಜೋಡಿಯಲ್ಲಿ ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ ಬಂದದ್ದು.

ಈಗ ಎಣಿಕೆಯ ನಿಯಮ. ಇಮ್ಮಡಿಯಾದ ವರ್ಣತಂತುವಿನ ಎರಡು ಪ್ರತಿಗಳಲ್ಲಿ ಪ್ರತಿಯೊಂದೂ ಒಂದು ಕ್ರೊಮ್ಯಾಟಿಡ್, ಅವು ಕೂಡಿಕೊಂಡಿರುವ ಜಾಗ ಸೆಂಟ್ರೊಮಿಯರ್. ವರ್ಣತಂತುಗಳ ಸಂಖ್ಯೆ ಬೇಕಾದರೆ ಸೆಂಟ್ರೊಮಿಯರ್‌ಗಳನ್ನು ಎಣಿಸಬೇಕು. ಡಿಎನ್‌ಎ ಅಣುಗಳ ಸಂಖ್ಯೆ ಬೇಕಾದರೆ ಕ್ರೊಮ್ಯಾಟಿಡ್‌ಗಳನ್ನು ಎಣಿಸಬೇಕು. ಎರಡು ಕ್ರೊಮ್ಯಾಟಿಡ್‌ಗಳು ಸೆಂಟ್ರೊಮಿಯರ್‌ನಲ್ಲಿ ಕೂಡಿಕೊಂಡಿರುವವರೆಗೆ, ಚಿತ್ರದಲ್ಲಿ ಅದು ಎಷ್ಟೇ ದಪ್ಪವಾಗಿ, ನಾಲ್ಕು ತೋಳುಗಳ ಆಕಾರದಲ್ಲಿ ಕಂಡರೂ, ಒಂದೇ ವರ್ಣತಂತು. ಮಿಯಾಸಿಸ್ ಕುರಿತ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಒಂದು ನಿಯಮದಿಂದಲೇ ಬಿಡಿಸಿಕೊಳ್ಳುತ್ತವೆ ಎಂಬುದು ನನ್ನ ಅಭಿಪ್ರಾಯ.

ಕಾಡುಕುರಿಯ ಸಾಮಾನ್ಯ ಕೋಶದಲ್ಲಿ ಎಸ್ ಹಂತಕ್ಕೆ ಮುಂಚೆ ವರ್ಣತಂತು 6, ಡಿಎನ್‌ಎ ಅಣು 6. ಎಸ್ ಹಂತ ಮುಗಿದ ಮೇಲೆ ವರ್ಣತಂತು ಆಗಲೂ 6, ಆದರೆ ಡಿಎನ್‌ಎ ಅಣು 12. ಮೈಟಾಸಿಸ್‌ನ ಅನಾಫೇಸ್‌ನಲ್ಲಿ ಸೆಂಟ್ರೊಮಿಯರ್‌ಗಳು ಬೇರ್ಪಟ್ಟ ಕ್ಷಣ ಪ್ರತಿ ಕ್ರೊಮ್ಯಾಟಿಡ್ ಸ್ವತಂತ್ರ ವರ್ಣತಂತುವಾಗುವುದರಿಂದ ಎರಡೂ ಲೆಕ್ಕ 12 ಆಗುತ್ತವೆ. ಕೋಶ ಇಬ್ಭಾಗವಾದಾಗ ಪ್ರತಿ ಮರಿಕೋಶಕ್ಕೆ 6 ಮತ್ತು 6 ಸಿಗುತ್ತವೆ. ಆರಂಭಿಸಿದಲ್ಲಿಗೇ ಮರಳಿದೆವು.

ಮಿಯಾಸಿಸ್ ಕೂಡ 6 ವರ್ಣತಂತು, 12 ಡಿಎನ್‌ಎ ಅಣುಗಳಿಂದಲೇ ಆರಂಭವಾಗುತ್ತದೆ. ಮೊದಲ ವಿಭಜನೆ ಮುಗಿದಾಗ ಪ್ರತಿ ಕೋಶದಲ್ಲಿ ವರ್ಣತಂತು 3, ಡಿಎನ್‌ಎ ಅಣು 6. ಎರಡನೆಯ ವಿಭಜನೆ ಮುಗಿದಾಗ ವರ್ಣತಂತು 3, ಡಿಎನ್‌ಎ ಅಣು 3. ವರ್ಣತಂತುಗಳ ಲೆಕ್ಕ ಮೊದಲ ವಿಭಜನೆಯಲ್ಲಿ ಮಾತ್ರ ಅರ್ಧವಾಗುತ್ತದೆ, ಡಿಎನ್‌ಎ ಲೆಕ್ಕ ಎರಡೂ ವಿಭಜನೆಗಳಲ್ಲಿ ಅರ್ಧವಾಗುತ್ತದೆ.

ಇಲ್ಲಿ ಬಹಳ ನಿಧಾನವಾಗಿ ನೋಡಬೇಕಾದ ಜಾಗವೊಂದಿದೆ. ಎಸ್ ಹಂತಕ್ಕೆ ಮುಂಚಿನ ಸಾಮಾನ್ಯ ಕೋಶದಲ್ಲಿಯೂ ಡಿಎನ್‌ಎ ಅಣುಗಳು 6, ಮಿಯಾಸಿಸ್‌ನ ಮೊದಲ ವಿಭಜನೆಯಿಂದ ಹೊರಬಂದ ಕೋಶದಲ್ಲಿಯೂ 6. ಹಾಗಿದ್ದಲ್ಲಿ ಎರಡನೆಯ ವಿಭಜನೆ ಏಕೆ ಬೇಕು, ಮೊದಲ ವಿಭಜನೆಯ ನಂತರ ಕೋಶ ಸಾಮಾನ್ಯ ಸ್ಥಿತಿಗೇ ಬಂದಂತಾಗಲಿಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಆ ಆರು ಅಣುಗಳು ಯಾವುವು ಎಂಬುದರಲ್ಲಿದೆ. ತಾಯಿಯ ಮನೆಯಿಂದ ಒಂದು, ತಂದೆಯ ಮನೆಯಿಂದ ಒಂದು ಕೈಬರಹದ ಅಡುಗೆ ಪುಸ್ತಕ ಬಂದಿದೆ ಎಂದುಕೊಳ್ಳಿ: ಎರಡರಲ್ಲೂ ಸಾರಿನ ಪುಟ ಅದೇ ಜಾಗದಲ್ಲಿದೆ, ಆದರೆ ಅಳತೆ ಬೇರೆ ಇರಬಹುದು. ಇವು ಸಮರೂಪಿ ಜೋಡಿ. ಒಂದೇ ಪುಸ್ತಕವನ್ನು ಜೆರಾಕ್ಸ್ ಮಾಡಿಸಿ ಮೂಲದೊಡನೆ ಪಿನ್ ಹಾಕಿಟ್ಟರೆ ಅವು ಸೋದರಿ ಕ್ರೊಮ್ಯಾಟಿಡ್‌ಗಳು. ಸಾಮಾನ್ಯ ಕೋಶದಲ್ಲಿರುವ ಆರು ಅಣುಗಳಲ್ಲಿ ಎರಡೂ ಮನೆಗಳ ಪುಸ್ತಕಗಳಿವೆ. ಮೊದಲ ವಿಭಜನೆಯಿಂದ ಹೊರಬಂದ ಕೋಶದಲ್ಲಿ ಪ್ರತಿ ಜೋಡಿಯಿಂದ ಒಂದೇ ಮನೆಯ ಪುಸ್ತಕವೂ ಅದರ ಪ್ರತಿಯೂ ಇವೆ. ಸಂಖ್ಯೆ ಒಂದೇ ಆದರೂ ಮಾಹಿತಿಯ ವೈವಿಧ್ಯ ಆಗಲೇ ಅರ್ಧವಾಗಿದೆ. ಎರಡನೆಯ ವಿಭಜನೆ ಮಾಡುವ ಕೆಲಸ ಪಿನ್ ತೆಗೆದು ಪ್ರತಿಗಳನ್ನು ಹಂಚುವುದು.

ಮೊದಲ ವಿಭಜನೆಯಲ್ಲಿ ಸೋದರಿಯರು ಏಕೆ ಬೇರೆಯಾಗುವುದಿಲ್ಲ ಎಂಬುದಕ್ಕೆ ಅಣುಮಟ್ಟದ ಕಾರಣವೂ ತಿಳಿದಿದೆ. ಸೋದರಿ ಕ್ರೊಮ್ಯಾಟಿಡ್‌ಗಳನ್ನು ಕೂಡಿಸಿ ಹಿಡಿಯುವುದು ಕೊಹೆಸಿನ್ ಎಂಬ ಪ್ರೋಟೀನ್, ಅದನ್ನು ಕತ್ತರಿಸುವುದು ಸೆಪರೇಸ್ ಎಂಬ ಕಿಣ್ವ. ಮೊದಲ ಅನಾಫೇಸ್‌ನಲ್ಲಿ ತೋಳುಗಳ ಉದ್ದಕ್ಕೂ ಇರುವ ಕೊಹೆಸಿನ್ ಮಾತ್ರ ಕತ್ತರಿಸಲ್ಪಡುತ್ತದೆ. ಸೆಂಟ್ರೊಮಿಯರ್ ಸುತ್ತಲಿನ ಕೊಹೆಸಿನ್‌ಗೆ ಶುಗೋಶಿನ್ ಎಂಬ ಇನ್ನೊಂದು ಪ್ರೋಟೀನ್ ಕಾವಲಿರುತ್ತದೆ. ಜೊತೆಗೆ, ಮೈಟಾಸಿಸ್‌ನಲ್ಲಿ ಸೋದರಿಯರಿಗೆ ಕೋಶದ ಎದುರುಬದುರು ಧ್ರುವಗಳಿಂದ ಬಂದ, ವರ್ಣತಂತುಗಳನ್ನು ಎಳೆದೊಯ್ಯುವ ಸ್ಪಿಂಡಲ್ ಎಳೆಗಳು ಅಂಟಿಕೊಂಡರೆ, ಇಲ್ಲಿ ಇಬ್ಬರಿಗೂ ಒಂದೇ ಧ್ರುವದ ಎಳೆಗಳು ಅಂಟಿಕೊಳ್ಳುತ್ತವೆ. ಹಾಗಾಗಿ ಸೋದರಿಯರು ಒಟ್ಟಿಗೆ ಒಂದು ಕಡೆಗೆ ಹೋಗುತ್ತಾರೆ, ಜೋಡಿಯ ಇನ್ನೊಂದು ವರ್ಣತಂತು ಎದುರು ಕಡೆಗೆ ಹೋಗುತ್ತದೆ.

ಕ್ರಾಸಿಂಗ್ ಓವರ್ ಈ ಚಿತ್ರಕ್ಕೆ ಒಂದು ತಿದ್ದುಪಡಿಯನ್ನು ಸೇರಿಸುತ್ತದೆ. ಮೊದಲ ಪ್ರೊಫೇಸ್‌ನಲ್ಲಿ ಜೋಡಿಗಳು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುವುದರಿಂದ ಸೋದರಿಯರು ಆ ಬಳಿಕ ಪೂರ್ತಿ ಒಂದೇ ಆಗಿ ಉಳಿಯುವುದಿಲ್ಲ, ಮತ್ತು ಅದಲುಬದಲಾದ ಭಾಗದಲ್ಲಿರುವ ಜೀನ್‌ನ ಎರಡು ರೂಪಗಳು ಎರಡನೆಯ ವಿಭಜನೆಯಲ್ಲಿ ಬೇರೆಯಾಗಬಹುದು. ಮೇಲಿನ ಎಣಿಕೆ ಇದರಿಂದ ಬದಲಾಗುವುದಿಲ್ಲ. ನಾಲ್ಕು ಕೋಶಗಳಲ್ಲಿ ಎರಡಕ್ಕೆ ಒಂದು ರೂಪ, ಎರಡಕ್ಕೆ ಇನ್ನೊಂದು ರೂಪ ಎಂಬ ಹಂಚಿಕೆಯೂ ಹಾಗೆಯೇ ಉಳಿಯುತ್ತದೆ.

ಮೂರು ಜೋಡಿಗಳೂ ಯಾವ ಕಡೆಗೆ ಮುಖಮಾಡಿ ನಿಲ್ಲುತ್ತವೆ ಎಂಬುದು ಒಂದನ್ನೊಂದು ಅವಲಂಬಿಸದ ಕಾರಣ, ಕ್ರಾಸಿಂಗ್ ಓವರನ್ನು ಬಿಟ್ಟರೂ ಕಾಡುಕುರಿಯ ಲಿಂಗಾಣುಗಳಲ್ಲಿ 8 ವಿಧ ಸಾಧ್ಯ; 23 ಜೋಡಿಗಳಿರುವ ಮಾನವನಲ್ಲಿ 83,88,608 ವಿಧ ಸಾಧ್ಯ.

ಮೆಂಡೆಲ್‌ನ ಬೀಜಗಳಲ್ಲಿ ಅದೇ ಘಟನೆ

ಇಂದಿನ ಜೆಕ್ ಗಣರಾಜ್ಯದ ಬ್ರನೋ ನಗರದ ಮಠದ ತೋಟದಲ್ಲಿ ಮೆಂಡೆಲ್ ನಡೆಸಿದ ಪ್ರಯೋಗಗಳ ವರದಿ ಅಚ್ಚಾದದ್ದು 1866ರಲ್ಲಿ, ಫ್ಲೆಮಿಂಗ್‌ನ ಪುಸ್ತಕಕ್ಕಿಂತ 16 ವರ್ಷ ಮುಂಚೆ. ಲಿಂಗಾಣುವಿಗೆ ಪ್ರತಿ ಗುಣದ ಒಂದೇ ಅಂಶ ಹೋಗುತ್ತದೆ ಎಂದು ವರ್ಣತಂತುಗಳನ್ನು ನೋಡದೆಯೇ, ಕೇವಲ ಅನುಪಾತಗಳಿಂದ ಆತ ತೀರ್ಮಾನಿಸಿದ್ದು ನನಗೆ ಇಂದಿಗೂ ವಿಸ್ಮಯ ಹುಟ್ಟಿಸುತ್ತದೆ. 1902–03ರಲ್ಲಿ ವಾಲ್ಟರ್ ಸಟನ್ ಮಿಡತೆಗಳ ಕೋಶಗಳಲ್ಲಿ ವರ್ಣತಂತು ಜೋಡಿಗಳು ಬೇರೆಯಾಗುವ ಬಗೆಯನ್ನು ಗಮನಿಸಿ, ಮೆಂಡೆಲ್ ಹೇಳಿದ ಅಂಶಗಳ ನಡವಳಿಕೆ ಇದೇ ಎಂದು ತೋರಿಸಿದ ಮೇಲೆ ಎರಡೂ ಕಥೆಗಳು ಒಂದಾದವು.

ದುಂಡು ಬೀಜದ ರೂಪಕ್ಕೆ ‘ದು’, ಸುಕ್ಕು ಬೀಜದ ರೂಪಕ್ಕೆ ‘ಸು’ ಎಂದು ಬರೆಯುತ್ತೇನೆ. ಶುದ್ಧ ತಳಿಗಳ ಸಂಕರದಿಂದ ಬಂದ ಮೊದಲ ಪೀಳಿಗೆಯ ಗಿಡಗಳೆಲ್ಲ ದುಸು. ಅವುಗಳ ಲಿಂಗಾಣುಗಳಲ್ಲಿ ಅರ್ಧ ‘ದು’, ಅರ್ಧ ‘ಸು’. ಮೇಲೆ ಹೇಳಿದ ವಿಂಗಡಣೆಯೇ ಇದಕ್ಕೆ ಕಾರಣ. ಸ್ವಪರಾಗಸ್ಪರ್ಶದಲ್ಲಿ ಇವು ಕೂಡಿದಾಗ ದುದು ಒಂದು ಪಾಲು, ದುಸು ಎರಡು ಪಾಲು, ಸುಸು ಒಂದು ಪಾಲು. ದುದು, ದುಸು ಎರಡೂ ದುಂಡಾಗಿಯೇ ಕಾಣುವುದರಿಂದ ದುಂಡು ಮತ್ತು ಸುಕ್ಕಿನ ಅನುಪಾತ 3:1. ಮೆಂಡೆಲ್‌ಗೆ 253 ಗಿಡಗಳಿಂದ 7,324 ಬೀಜಗಳು ಸಿಕ್ಕವು: ದುಂಡು 5,474, ಸುಕ್ಕು 1,850, ಅಂದರೆ 2.96ಕ್ಕೆ 1.

ಒಂದು ವಿಷಯವನ್ನು ಪಠ್ಯಪುಸ್ತಕಗಳು ಬಿಡಿಸಿ ಹೇಳುವುದಿಲ್ಲ. ಬೀಜದೊಳಗಿನ ಭ್ರೂಣ ಮುಂದಿನ ಪೀಳಿಗೆಗೆ ಸೇರಿದ್ದು. ಆದ್ದರಿಂದ ಎರಡನೆಯ ಪೀಳಿಗೆಯ ಬೀಜಗಳು ಮೊದಲ ಪೀಳಿಗೆಯ ಗಿಡದ ಕಾಯಿಯಲ್ಲಿಯೇ ಇರುತ್ತವೆ, ಒಂದೇ ಕಾಯಿ ಸುಲಿದರೆ ದುಂಡೂ ಸುಕ್ಕೂ ಒಟ್ಟಿಗೆ ಕಾಣಬಹುದು. ಗಿಡದ ಎತ್ತರದಂತಹ ಗುಣವನ್ನು ನೋಡಲು ಮಾತ್ರ ಆ ಬೀಜಗಳನ್ನು ಬಿತ್ತಿ ಮುಂದಿನ ಋತುವಿನವರೆಗೆ ಕಾಯಬೇಕು.

3:1ಕ್ಕಿಂತ ಮುಖ್ಯವಾದ ಲೆಕ್ಕ ಅದರ ನಂತರದ್ದು. ಆ ದುಂಡು ಬೀಜಗಳಿಂದ ಬೆಳೆದ 565 ಗಿಡಗಳಲ್ಲಿ 193 ಗಿಡಗಳು ದುಂಡು ಬೀಜಗಳನ್ನು ಮಾತ್ರ ಕೊಟ್ಟವು, 372 ಗಿಡಗಳು ಎರಡೂ ಬಗೆಯವನ್ನು ಕೊಟ್ಟವು. ಅಂದರೆ ಹೊರಗೆ ಒಂದೇ ರೀತಿ ಕಾಣುವ ದುಂಡು ಬೀಜಗಳಲ್ಲಿ ಮೂರರಲ್ಲಿ ಸುಮಾರು ಎರಡು ದುಸು. 3:1ರೊಳಗೆ 1:2:1 ಅಡಗಿದೆ ಎಂಬುದಕ್ಕೆ ಇದು ನೇರ ಸಾಕ್ಷ್ಯ. ಪನೆಟ್ ಚೌಕವನ್ನು (ಲಿಂಗಾಣುಗಳ ಎಲ್ಲ ಕೂಡಿಕೆಗಳನ್ನು ತೋರಿಸುವ ಕೋಷ್ಟಕವನ್ನು) ಎಷ್ಟು ಬಾರಿ ಬರೆದರೂ ಮನಸ್ಸಿಗೆ ಬಾರದ ನಂಬಿಕೆ ಈ ಒಂದು ಎಣಿಕೆಯಿಂದ ಬರುತ್ತದೆ.

‘ದು’ ಪ್ರಬಲ ಎಂದಾಕ್ಷಣ ಅದು ‘ಸು’ವನ್ನು ಅದುಮಿಡುತ್ತದೆ ಎಂದು ಭಾವಿಸಬೇಕಿಲ್ಲ. ಪಿಷ್ಟದ ಅಣುವಿನಲ್ಲಿ ಕವಲುಗಳನ್ನು ಮಾಡುವ ಕಿಣ್ವವೊಂದರ ಜೀನ್‌ನೊಳಗೆ ಸುಮಾರು 800 ಅಕ್ಷರಗಳ ಹೆಚ್ಚುವರಿ ತುಂಡು ಸೇರಿ ಅದು ಕೆಟ್ಟಿರುವ ರೂಪವೇ ‘ಸು’ ಎಂದು 1990ರಲ್ಲಿ ಗೊತ್ತಾಯಿತು. ಎರಡೂ ಪ್ರತಿಗಳು ಕೆಟ್ಟಿದ್ದರೆ ಪಿಷ್ಟ ಕಡಿಮೆಯಾಗಿ ಸಕ್ಕರೆ ಉಳಿಯುತ್ತದೆ, ಬೀಜ ಹೆಚ್ಚು ನೀರು ಹೀರಿ, ಒಣಗುವಾಗ ಸುಕ್ಕುಗಟ್ಟುತ್ತದೆ. ಒಂದು ಪ್ರತಿ ಸರಿಯಿದ್ದರೆ ಬೀಜ ದುಂಡಾಗಿರುವಷ್ಟು ಕಿಣ್ವ ಸಿಗುತ್ತದೆ, ಅಷ್ಟೇ.

ವಿಂಗಡಣೆ ತಪ್ಪಿದಾಗ

ಮೊದಲ ವಿಭಜನೆಯಲ್ಲಿ ಜೋಡಿ ಬೇರೆಯಾಗದಿದ್ದರೆ ಲಿಂಗಾಣುವಿಗೆ ಎರಡೂ ಸಮರೂಪಿಗಳು ಹೋಗುತ್ತವೆ. ಎರಡನೆಯದರಲ್ಲಿ ತಪ್ಪಿದರೆ ಒಂದೇ ವರ್ಣತಂತುವಿನ ಎರಡು ಪ್ರತಿಗಳು ಹೋಗುತ್ತವೆ. 1959ರಲ್ಲಿ ಲೆಜೂನ್ ಮತ್ತು ಸಹೋದ್ಯೋಗಿಗಳು ಡೌನ್ ಸಿಂಡ್ರೋಮ್‌ನಲ್ಲಿ ಗುರುತಿಸಿದ ಹೆಚ್ಚುವರಿ 21ನೆಯ ವರ್ಣತಂತು ಬಹುಪಾಲು ತಾಯಿಯ ಮೊದಲ ವಿಭಜನೆಯಲ್ಲಿನ ಇಂತಹ ವ್ಯತ್ಯಾಸದಿಂದ ಬರುತ್ತದೆ. ಅಂಡಕೋಶಗಳು ಹೆಣ್ಣುಮಗು ಹುಟ್ಟುವ ಮುಂಚೆಯೇ ಮೊದಲ ಪ್ರೊಫೇಸ್ ತಲುಪಿ, ಹಲವಾರು ವರ್ಷ ಅಲ್ಲಿಯೇ ನಿಂತಿರುತ್ತವೆ ಎಂಬುದನ್ನು ಇದರೊಡನೆ ಸೇರಿಸಿ ಓದಿಕೊಳ್ಳಬೇಕು.

ಒಂದು ಲೆಕ್ಕ

ಸಿಕಲ್ ಸೆಲ್ ರಕ್ತಹೀನತೆ 11ನೆಯ ವರ್ಣತಂತುವಿನಲ್ಲಿರುವ ಬೀಟಾ ಗ್ಲೋಬಿನ್ ಜೀನ್‌ನ ಒಂದೇ ಅಕ್ಷರದ ಬದಲಾವಣೆಯಿಂದ ಬರುತ್ತದೆ, ಎರಡೂ ಪ್ರತಿಗಳು ಬದಲಾಗಿದ್ದರೆ ಕಾಯಿಲೆ. ಕರ್ನಾಟಕದಲ್ಲಿ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಆದಿವಾಸಿ ಸಮುದಾಯಗಳಲ್ಲಿ ಇದು ಕಂಡುಬರುತ್ತದೆ. 2047ರೊಳಗೆ ಇದನ್ನು ನಿರ್ಮೂಲನ ಮಾಡುವ ಗುರಿಯಿಟ್ಟು ಕೇಂದ್ರ ಸರ್ಕಾರ 2023ರಲ್ಲಿ ರಾಷ್ಟ್ರೀಯ ಅಭಿಯಾನವನ್ನು ಆರಂಭಿಸಿತು. ಒಂದು ಪ್ರತಿ ಮಾತ್ರ ಬದಲಾಗಿರುವವರು ವಾಹಕರು. ತಂದೆತಾಯಿ ಇಬ್ಬರೂ ವಾಹಕರಾದರೆ ಪ್ರತಿ ಗರ್ಭದಲ್ಲಿಯೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಪ್ರತಿ ಬಾರಿಯೂ ಹೊಸ ಮಿಯಾಸಿಸ್, ಹೊಸ ವಿಂಗಡಣೆ ನಡೆದಿರುತ್ತದೆ. ಮೊದಲ ಮಗುವಿಗೆ ಕಾಯಿಲೆ ಇದ್ದರೆ ಮುಂದಿನ ಮೂವರು ಸುರಕ್ಷಿತ ಎಂದು ಇದಕ್ಕೆ ಅರ್ಥವಿಲ್ಲ.

ಪ್ರಶ್ನೆ ಹೀಗಿದೆ: ಅಣ್ಣನಿಗೆ ಕಾಯಿಲೆ ಇದೆ, ತಂಗಿಗೆ ಇಲ್ಲ, ತಂದೆತಾಯಿ ಇಬ್ಬರೂ ವಾಹಕರು; ತಂಗಿ ವಾಹಕಳಾಗಿರುವ ಸಂಭವ ಎಷ್ಟು? ಅರ್ಧ ಎಂಬ ಉತ್ತರ ತಟ್ಟನೆ ಬರುತ್ತದೆ. ಆದರೆ ತಂಗಿಗೆ ಕಾಯಿಲೆ ಇಲ್ಲವೆಂದು ತಿಳಿದಿರುವುದರಿಂದ ನಾಲ್ಕನೆಯ ಪಾಲನ್ನು ಮೊದಲೇ ಹೊಡೆದುಹಾಕಬೇಕು. ಉಳಿದ ಮೂರರಲ್ಲಿ ಎರಡು ವಾಹಕ ಸ್ಥಿತಿಗಳು, ಆದ್ದರಿಂದ ಉತ್ತರ ಮೂರರಲ್ಲಿ ಎರಡು. ಮೆಂಡೆಲ್‌ನ 565ರಲ್ಲಿ 372 ಎಂಬುದು ಇದೇ ಅನುಪಾತ. ಆಕೆ ವಾಹಕನೊಬ್ಬನನ್ನು ಮದುವೆಯಾದರೆ ಮಗುವಿಗೆ ಕಾಯಿಲೆ ಬರುವ ಸಂಭವ ಮೂರನೇ ಎರಡನ್ನು ನಾಲ್ಕನೇ ಒಂದರಿಂದ ಗುಣಿಸಿದಷ್ಟು, ಅಂದರೆ ಆರರಲ್ಲಿ ಒಂದು. ಹಿಮೋಗ್ಲೋಬಿನ್ ಎಲೆಕ್ಟ್ರೊಫೋರೆಸಿಸ್ ಪರೀಕ್ಷೆಯಲ್ಲಿ ವಾಹಕರ ರಕ್ತದಲ್ಲಿ ಎರಡೂ ಬಗೆಯ ಹಿಮೋಗ್ಲೋಬಿನ್ ಬೇರೆಬೇರೆಯಾಗಿ ಕಾಣುವುದರಿಂದ, ತಂಗಿ ಆ ಪರೀಕ್ಷೆ ಮಾಡಿಸಿಕೊಂಡ ಮೇಲೆ ಆರರಲ್ಲಿ ಒಂದು ಎಂಬ ಈ ಸಂಖ್ಯೆ ನಾಲ್ಕರಲ್ಲಿ ಒಂದಾಗುತ್ತದೆ, ಇಲ್ಲವೇ ಸೊನ್ನೆಯಾಗುತ್ತದೆ.