ಇಬ್ಬರ ವೈರಸ್, ಒಬ್ಬಳ ಲಸಿಕೆ

‘ಮಗಳಿಗೆ ಹಾಕಿಸ್ತೀವಿ, ಸರಿ. ಮಗನಿಗ್ಯಾಕೆ?’ ಎಚ್‌ಪಿವಿ, ಅಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ ಲಸಿಕೆಯ ಮಾತು ಬಂದಾಗ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಇದು. ತಪ್ಪು ಅವರದ್ದಲ್ಲ. ಈ ವೈರಸ್ಸನ್ನು ನಮಗೆ ಪರಿಚಯ ಮಾಡಿಕೊಟ್ಟದ್ದೇ ಹೆಂಗಸರ ಕಾಯಿಲೆ ಅಂತ.

1970ರ ದಶಕದಲ್ಲಿ ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಹರ್ಪಿಸ್ ವೈರಸ್ ಕಾರಣ ಇರಬೇಕು ಎಂದು ಬಹಳ ಜನ ವಿಜ್ಞಾನಿಗಳು ನಂಬಿದ್ದರು. ಅಲ್ಲ, ನರಹುಲಿ ಎಬ್ಬಿಸುವ ವೈರಸ್ಸಿನ ಬಳಗವನ್ನು ಹುಡುಕಿ ಎಂದು ಹಟ ಹಿಡಿದವರು ಜರ್ಮನಿಯ ಹೆರಾಲ್ಡ್ ತ್ಸುರ್ ಹೌಸೆನ್. 1983ರಲ್ಲಿ ಅವರ ತಂಡಕ್ಕೆ ಗಡ್ಡೆಯೊಳಗೆ ಆ ಬಳಗದ ಎಚ್‌ಪಿವಿ 16 ಎಂಬ ಬಗೆ ಸಿಕ್ಕಿತು. ಮರುವರ್ಷ ಎಚ್‌ಪಿವಿ 18. ಗರ್ಭಕಂಠದ ಕ್ಯಾನ್ಸರಿನಲ್ಲಿ ಶೇ 70ರಷ್ಟಕ್ಕೆ ಈ ಎರಡೇ ಕಾರಣ. 2008ರಲ್ಲಿ ಅವರಿಗೆ ನೊಬೆಲ್ ಬಂತು.

ಲಸಿಕೆಯೂ ಅದೇ ದಾರಿ ಹಿಡಿಯಿತು. 2006ರಲ್ಲಿ ಅಮೆರಿಕ ಒಪ್ಪಿದ್ದು ಹೆಣ್ಣುಮಕ್ಕಳಿಗೆ ಮಾತ್ರ. ಗಂಡುಮಕ್ಕಳ ಸರದಿ ಬಂದದ್ದು 2009ರಲ್ಲಿ. ಆಸ್ಟ್ರೇಲಿಯಾ 2007ರಲ್ಲಿ ಹುಡುಗಿಯರಿಗೂ 2013ರಲ್ಲಿ ಹುಡುಗರಿಗೂ ಶಾಲೆಯಲ್ಲೇ ಲಸಿಕೆ ಕೊಡಲು ಶುರು ಮಾಡಿತು.

ನಮ್ಮಲ್ಲಿ ನಡೆದದ್ದೇ ಬೇರೆ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಸಾವಿರಾರು ಹುಡುಗಿಯರಿಗೆ ಲಸಿಕೆ ಹಾಕಿದರು. ಏಳು ಮಕ್ಕಳು ತೀರಿಕೊಂಡರು. ಸಾವಿಗೆ ಲಸಿಕೆ ಕಾರಣ ಎನ್ನಲು ತನಿಖೆಯಲ್ಲಿ ಆಧಾರ ಸಿಗಲಿಲ್ಲ. ಆದರೆ ಇನ್ನೊಂದು ಸಂಗತಿ ಹೊರಬಂತು. ಖಮ್ಮಂನಲ್ಲಿ ಎಷ್ಟೋ ಒಪ್ಪಿಗೆ ಪತ್ರಗಳ ಮೇಲೆ ಅಪ್ಪ ಅಮ್ಮನ ಸಹಿಯೇ ಇರಲಿಲ್ಲ, ಹಾಸ್ಟೆಲ್ ವಾರ್ಡನ್ ಸಹಿ ಹಾಕಿದ್ದರು. ಜನರ ಸಿಟ್ಟು ನ್ಯಾಯವಾದದ್ದೇ. 2010ರ ಏಪ್ರಿಲ್‌ನಲ್ಲಿ ಸರ್ಕಾರ ಎಲ್ಲವನ್ನೂ ನಿಲ್ಲಿಸಿತು.

ಅದೇ ಹೊತ್ತಿಗೆ ದೇಶದ ಬೇರೆ ಕಡೆ ಇನ್ನೊಂದು ಅಧ್ಯಯನ ನಡೆದಿತ್ತು. ಎರಡು ಡೋಸ್ ಸಾಕಾ, ಮೂರು ಬೇಕಾ ಎಂಬುದು ಅದರ ಪ್ರಶ್ನೆ. ಅದೂ ಅರ್ಧಕ್ಕೆ ನಿಂತಿತು. ಸುಮಾರು 5,000 ಹುಡುಗಿಯರಿಗೆ ಒಂದೇ ಡೋಸ್ ಆಗಿತ್ತು. ಸಂಶೋಧಕರು ಅವರನ್ನು ಕೈಬಿಡಲಿಲ್ಲ, ವರ್ಷಗಟ್ಟಲೆ ನೋಡುತ್ತಾ ಬಂದರು. ಒಂದು ಡೋಸ್ ಕೂಡ ಹೆಚ್ಚುಕಡಿಮೆ ಮೂರರಷ್ಟೇ ಕಾಪಾಡುತ್ತಿತ್ತು! 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್ ಕೊಟ್ಟರೂ ಆಗುತ್ತದೆ ಎಂದಾಗ ಈ ಹುಡುಗಿಯರ ರಕ್ತದ ಲೆಕ್ಕವೂ ಅದರ ಹಿಂದಿತ್ತು. ಇದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಎಚ್‌ಪಿವಿ ಪರೀಕ್ಷೆಯ ಪಾಠವೂ ಹತ್ತಿರದಿಂದಲೇ ಬಂತು. ನಮ್ಮ ಬೀದರ್, ಕಲಬುರಗಿಗೆ ತಾಗಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 30ರಿಂದ 59 ವರ್ಷದ 1.3 ಲಕ್ಷ ಹೆಂಗಸರ ಮೇಲೆ ಅಧ್ಯಯನ ನಡೆಯಿತು. ಒಂದು ಗುಂಪಿಗೆ ಜೀವನದಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ. ಪುಟ್ಟ ಬ್ರಷ್ಷಿನಿಂದ ಗರ್ಭಕೋಶದ ಬಾಯನ್ನು ಸವರಿ ತೆಗೆದರೆ ಮುಗಿಯಿತು. ಎಂಟು ವರ್ಷದಲ್ಲಿ ಆ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಅರ್ಧದಷ್ಟಕ್ಕೆ ಇಳಿಯಿತು. ಇದು ಪ್ರಕಟವಾದದ್ದು 2009ರಲ್ಲಿ. ಅದಾಗಿ ಹತ್ತು ವರ್ಷದ ಮೇಲೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗರ್ಭಕಂಠದ ತಪಾಸಣೆ ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇರಲಿಲ್ಲ. ಓದಿದಾಗ ಹೊಟ್ಟೆ ಉರಿಯಿತು.

ಗಂಡಸರಿಗೆ ಇಂಥ ಪರೀಕ್ಷೆಯೇ ಇಲ್ಲ. ವೈರಸ್ ಇಬ್ಬರಲ್ಲೂ ಇರುತ್ತದೆ, ಲೈಂಗಿಕ ಸಂಪರ್ಕದಲ್ಲಿ ಚರ್ಮದಿಂದ ಚರ್ಮಕ್ಕೆ ದಾಟುತ್ತದೆ. ಹೆಚ್ಚಿನ ಸಲ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಓಡಿಸುತ್ತದೆ. ಓಡದೆ ಉಳಿದರೆ ಗಂಡಸರಿಗೂ ಗಂಟಲು, ಗುದದ್ವಾರ, ಶಿಶ್ನದ ಕ್ಯಾನ್ಸರ್ ಬರಬಹುದು. ಹೆಣ್ಣಿಗೆ ಲಸಿಕೆ ತಪ್ಪಿದರೂ ಪರೀಕ್ಷೆ ಇದೆ. ಗಂಡಿಗೆ ಇರುವುದು ಲಸಿಕೆ ಒಂದೇ.

ದುಡ್ಡು, ಡೋಸ್ ಕಡಿಮೆ ಇರುವ ಕಡೆ ಹುಡುಗಿಯರಿಗೆ ಮೊದಲು ಕೊಡುವುದು ಸರಿಯೇ. ಕಾಯಿಲೆಯ ಭಾರ ಅವರ ಮೇಲೇ ಜಾಸ್ತಿ. ಆಸ್ಟ್ರೇಲಿಯಾದಲ್ಲಿ ಹುಡುಗಿಯರಿಗೆ ಲಸಿಕೆ ಕೊಟ್ಟ ಮೇಲೆ ಹುಡುಗರ ಜನನಾಂಗದ ನರಹುಲಿಯೂ ಇಳಿದಿತ್ತು. ಆದರೆ ‘ಮೊದಲು’ ಅಂದರೆ ‘ಮಾತ್ರ’ ಅಂತಲ್ಲ ಅಲ್ವಾ? ಪುಣೆಯ ಸೀರಂ ಸಂಸ್ಥೆಯ ಎಚ್‌ಪಿವಿ ಲಸಿಕೆ ಸರ್ವಾವ್ಯಾಕ್ 2022ರಲ್ಲಿ ಒಪ್ಪಿಗೆ ಪಡೆದದ್ದೇ 9ರಿಂದ 26 ವರ್ಷದ ಹುಡುಗ ಹುಡುಗಿ ಇಬ್ಬರಿಗೂ. ಒಂದು ಡೋಸ್ ಸಾಕು ಎಂಬ ಮಾತು ಇದ್ದರೂ ಈ ಒಪ್ಪಿಗೆಯ ಲೆಕ್ಕದಲ್ಲಿ, 15 ತುಂಬುವ ಮೊದಲು ಶುರು ಮಾಡಿದರೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. 15 ತುಂಬಿದ ಮೇಲೆ ಮೂರು. ಅಕ್ಕನ ಜೊತೆ ಬಂದು ಬಾಗಿಲ ಹತ್ತಿರ ಸುಮ್ನೆ ಕೂತಿರುವ ತಮ್ಮನಿಗೂ ಆ ಸೀಸೆಯೇ ಸಾಕು.