ಟಿಪ್ಸ್ ನಿಲ್ಲಿಸಿದರೆ ಸಂಬಳ ಕೊಡುವವರು ಯಾರು?

ರೆಸ್ಟೋರೆಂಟಿನಲ್ಲಿ ಟಿಪ್ಸ್ ಬೇಕೇ ಬೇಡವೇ ಎಂಬ ಚರ್ಚೆ ಸಾಮಾನ್ಯವಾಗಿ ಗ್ರಾಹಕರ ಕಿರಿಕಿರಿಯಲ್ಲೇ ಮುಗಿದುಹೋಗುತ್ತದೆ. ನಿಜವಾದ ಪ್ರಶ್ನೆ ಇರುವುದು ವೇಟರ್‌ಗಳ ಕೂಲಿಯಲ್ಲಿ. ಈ ಜಗಳ ಅತಿ ಹೆಚ್ಚು ನಡೆದಿರುವ ಅಮೆರಿಕದ ಚರಿತ್ರೆಯೇ ಅದಕ್ಕೆ ಸಾಕ್ಷಿ.

1865ರಲ್ಲಿ ಗುಲಾಮಗಿರಿ ರದ್ದಾಯಿತು. ಬಿಡುಗಡೆಯಾದ ಕಪ್ಪು ಜನರನ್ನು ಪುಲ್‌ಮನ್ ಕಂಪನಿ ತನ್ನ ಸ್ಲೀಪರ್ ಬೋಗಿಗಳ ಕೆಲಸಕ್ಕೆ ಸೇರಿಸಿಕೊಂಡಿತು. ಹಾಸಿಗೆ ಹಾಸುವುದು, ಸಾಮಾನು ಹೊರುವುದು, ಬೂಟು ಉಜ್ಜುವುದು ಅವರ ಪಾಲಿಗೆ. ಸಂಬಳ ಮಾತ್ರ ಹೊಟ್ಟೆಗೆ ಸಾಲದಷ್ಟು. ಉಳಿದದ್ದನ್ನು ಪ್ರಯಾಣಿಕರ ಟಿಪ್ಸೇ ತುಂಬಬೇಕಿತ್ತು. ಹೋಟೆಲುಗಳಲ್ಲೂ ಇದೇ ಪಾಡು. ಎ. ಫಿಲಿಪ್ ರಾಂಡಾಲ್ಫ್ ಮುಂದಾಳತ್ವದಲ್ಲಿ 1925ರಲ್ಲಿ ಸಂಘ ಕಟ್ಟಿದ ಪುಲ್‌ಮನ್ ಕಾರ್ಮಿಕರು ಕಂಪನಿಯಿಂದ ಒಪ್ಪಂದ ಪಡೆಯಲು 1937ರವರೆಗೆ ಹೋರಾಡಬೇಕಾಯಿತು.

ಟಿಪ್ಸ್ ನಿಷೇಧಿಸುವ ಪ್ರಯತ್ನವೂ ಆಗಿದೆ. 1909ರಲ್ಲಿ ವಾಷಿಂಗ್ಟನ್ ರಾಜ್ಯ ಕಾನೂನು ತಂದಿತು, ಇನ್ನೂ ಕೆಲವು ರಾಜ್ಯಗಳು ಹಿಂಬಾಲಿಸಿದವು. 1926ರ ಹೊತ್ತಿಗೆ ಯಾವುದೂ ಉಳಿಯಲಿಲ್ಲ.

1938ರಲ್ಲಿ ದೇಶಕ್ಕೆಲ್ಲ ಕನಿಷ್ಠ ಕೂಲಿ ಕಾನೂನು ಬಂದಾಗ ರೆಸ್ಟೋರೆಂಟ್ ಕೆಲಸಗಾರರು ಅದರ ಹೊರಗೇ ಉಳಿದರು. 1966ರಲ್ಲಿ ಒಳಗೆ ಸೇರಿಸಿಕೊಂಡರು ನಿಜ, ಆದರೆ ಜೊತೆಗೊಂದು ಷರತ್ತು: ಟಿಪ್ಸ್ ಹಣವನ್ನು ಮಾಲೀಕ ತಾನು ಕೊಡಬೇಕಾದ ಕೂಲಿಯ ಲೆಕ್ಕಕ್ಕೆ ಹಿಡಿಯಬಹುದು. ಇವತ್ತಿನ ಲೆಕ್ಕ ನೋಡಿ. ಆ ರಾಷ್ಟ್ರೀಯ ಕಾನೂನಿನಂತೆ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಮಾಲೀಕ ಕೈಯಿಂದ ಕೊಡಬೇಕಾದದ್ದು 2.13 ಡಾಲರ್ ಅಷ್ಟೇ, 1991ರಿಂದ ಒಂದು ಸೆಂಟೂ ಏರಿಲ್ಲ. ಬಾಕಿ 5.12 ಡಾಲರ್ ತುಂಬುವವರು ಗ್ರಾಹಕರು. ಟಿಪ್ಸ್ ಸಾಲದಿದ್ದರೆ ಕೊರತೆಯನ್ನು ಮಾಲೀಕ ಭರಿಸಬೇಕು ಎಂಬ ನಿಯಮವೇನೋ ಇದೆ. ಆದರೆ ಲೆಕ್ಕ ಹಿಡಿಯುವುದು ವಾರದ ಸರಾಸರಿಗೆ: ಮಂಗಳವಾರ ಖಾಲಿ ಮೇಜುಗಳ ನಡುವೆ ನಿಂತ ನಷ್ಟವನ್ನು ಶನಿವಾರದ ಗಳಿಕೆ ನುಂಗುತ್ತದೆ. ಕಡಿಮೆ ಬಿತ್ತು ಎಂದು ಕೇಳಬೇಕಾದದ್ದು ಪಾಳಿ ಹಂಚುವ ಅದೇ ಮ್ಯಾನೇಜರ್ ಹತ್ತಿರ. ಕೈ ಮುಟ್ಟಿ ಮಾತಾಡಿಸುವ ಗ್ರಾಹಕನೆದುರೂ ವೇಟರ್ ಹುಡುಗಿ ನಗಲೇಬೇಕಾಗಿ ಬರುವುದು ಈ ವ್ಯವಸ್ಥೆಯಿಂದಲೇ. ನನಗೆ ಇದು ಶುದ್ಧ ಅನ್ಯಾಯವಾಗಿ ಕಾಣುತ್ತದೆ.

ಹಾಗಾದರೆ ಮಾಲೀಕರೇ ಟಿಪ್ಸ್ ಕೈಬಿಟ್ಟರೆ? ನ್ಯೂಯಾರ್ಕಿನ ರೆಸ್ಟೋರೆಂಟ್ ಮಾಲೀಕ ಡ್ಯಾನಿ ಮೇಯರ್ 2015ರಲ್ಲಿ ಅದನ್ನೇ ಮಾಡಿದರು. ಮೆನುವಿನ ದರ ಏರಿಸಿ, ಟಿಪ್ಸ್‌ನಲ್ಲಿ ಪಾಲಿಲ್ಲದ ಅಡುಗೆಯವರಿಗೂ ಸಂಬಳ ಹೆಚ್ಚಿಸಿದರು. ಆದರೆ ಟಿಪ್ಸ್‌ನಿಂದ ಚೆನ್ನಾಗಿ ಗಳಿಸುತ್ತಿದ್ದ ಹಲವು ವೇಟರ್‌ಗಳು ಬೇರೆಡೆ ಹೋದರು. ಪಕ್ಕದ ರೆಸ್ಟೋರೆಂಟಿನ ದರಪಟ್ಟಿ ಅಗ್ಗವಾಗಿ ಕಂಡಿತು. 2020ರಲ್ಲಿ ಟಿಪ್ಸ್ ಮರಳಿತು. ಎಲ್ಲರಿಗೂ ಅನ್ವಯವಾಗುವ ನಿಯಮವಿಲ್ಲದೆ ಒಬ್ಬರೇ ಬದಲಾದರೆ ನಷ್ಟ ಅವರಿಗೇ.

ಆದ್ದರಿಂದ ಮೊದಲು ಹೋಗಬೇಕಾದದ್ದು ಟಿಪ್ಸ್ ಅಲ್ಲ, ಆ 2.13 ಡಾಲರ್. ಕ್ಯಾಲಿಫೋರ್ನಿಯಾ, ಮಿನ್ನೆಸೋಟ ಸೇರಿ ಏಳು ರಾಜ್ಯಗಳಲ್ಲಿ ಮಾಲೀಕರು ಪೂರ್ತಿ ಕನಿಷ್ಠ ಕೂಲಿಯನ್ನೇ ಕೊಡುತ್ತಾರೆ, ಟಿಪ್ಸ್ ಅದರ ಮೇಲೆ. ಅಲ್ಲಿ ರೆಸ್ಟೋರೆಂಟುಗಳೇನೂ ಮಾಯವಾಗಿಲ್ಲ. ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯ ಮತದಾರರೂ 2018ರಲ್ಲಿ ಇದನ್ನೇ ಬಯಸಿದರು. ನಗರ ಮಂಡಳಿ ಅದೇ ವರ್ಷ ರದ್ದು ಮಾಡಿತು. 2022ರಲ್ಲಿ ಮತದಾರರು ಮತ್ತೆ ಒಪ್ಪಿಗೆ ಕೊಟ್ಟರು. 2025ರಲ್ಲಿ ಮಂಡಳಿ ಅದನ್ನೂ ಸಡಿಲಗೊಳಿಸಿತು.