ಅಂಡಾಶಯ ತೆಗೆಸಿಕೊಂಡವರು ಹೆಚ್ಚು ಕಾಲ ಬದುಕಿದ್ದು ಏಕೆ?

ಪ್ರಶ್ನೆ: ನಮ್ಮ ಅವ್ವನ ದೊಡ್ಡ ಕರುಳಿನ ಕ್ಯಾನ್ಸರ್ ಈಗ ಅಂಡಾಶಯಕ್ಕೂ ಹರಡಿದೆ. ಆಪರೇಷನ್ ಮಾಡಿಸಿಕೊಂಡವರು ಹೆಚ್ಚು ಕಾಲ ಬದುಕಿದ್ದಾರೆಂದು ಓದಿದೆವು. ಆದರೂ ಡಾಕ್ಟರು ಮೊದಲು ಕೀಮೋ ಎನ್ನುತ್ತಾರೆ. ಏಕೆ?

ಉತ್ತರ: ಗದಗ, ರೋಣ, ರಾಣೆಬೆನ್ನೂರು ಕಡೆಯಿಂದ ಈ ಪ್ರಶ್ನೆ ಬರುತ್ತಲೇ ಇದೆ, ಹಲವು ಸಲ ಉತ್ತರಿಸಿದ್ದೇನೆ, ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ. ಗಡ್ಡೆ ಅಂಡಾಶಯದಲ್ಲಿದ್ದರೂ ಇದು ಕರುಳಿನ ಕ್ಯಾನ್ಸರೇ, ಆದ್ದರಿಂದ ಕೊಡುವ ಔಷಧವೂ ಕರುಳಿನ ಕ್ಯಾನ್ಸರಿನದೇ.

ನೀವು ಓದಿದ್ದು ಸುಳ್ಳಲ್ಲ. ಆಸ್ಪತ್ರೆಯ ಹಳೆಯ ಕಡತಗಳನ್ನು ತೆಗೆದು ನೋಡಿದ ಹಲವು ಅಧ್ಯಯನಗಳಲ್ಲಿ ಆಪರೇಷನ್ ಆದವರೇ ಹೆಚ್ಚು ಕಾಲ ಬದುಕಿದ್ದು ಕಂಡುಬಂದಿದೆ. ಆದರೆ ಆ ಹೆಚ್ಚಿನ ಆಯುಷ್ಯವನ್ನೆಲ್ಲ ಆಪರೇಷನ್ನೇ ಕೊಟ್ಟಿತೆಂಬ ನಂಬಿಕೆ ತಪ್ಪು, ಮತ್ತು ಅದು ಎಷ್ಟು ಹೇಳಿದರೂ ಅಳಿಯುತ್ತಿಲ್ಲ. ಬ್ಯಾಡಗಿಯ ರೈತ ಚೆನ್ನಾಗಿ ಒಣಗಿದ, ಕಡುಗೆಂಪು ಕಾಯಿಯನ್ನೇ ಆರಿಸಿ ಕೋಲ್ಡ್ ಸ್ಟೋರೇಜಿಗೆ ಹಾಕುತ್ತಾನೆ. ಹಸಿಯಾದದ್ದನ್ನು, ಬಿಳಿಚಿಕೊಂಡದ್ದನ್ನು ಬಂದ ಬೆಲೆಗೆ ಮಾರಿಬಿಡುತ್ತಾನೆ. ಆರು ತಿಂಗಳ ನಂತರ ಚೀಲ ಬಿಚ್ಚಿ, ಕಾಯಿಗೆ ಈ ಬಣ್ಣ ಬಂದದ್ದು ಕೋಲ್ಡ್ ಸ್ಟೋರೇಜಿನಿಂದ ಎಂದರೆ ಅವನು ಒಪ್ಪುತ್ತಾನೆಯೇ? ಶಸ್ತ್ರವೈದ್ಯರೂ ಹಾಗೆಯೇ ಆರಿಸುತ್ತಾರೆ: ರೋಗ ಯಕೃತ್ತಿಗೆ, ಹೊಟ್ಟೆಯ ಒಳಪೊರೆಗೆ ಹೆಚ್ಚು ಹಬ್ಬದವರನ್ನು, ಅರಿವಳಿಕೆಯನ್ನು ತಾಳಬಲ್ಲವರನ್ನು. ಅವರು ಮೊದಲೇ ಹೆಚ್ಚು ಬದುಕುವವರು.

ಇನ್ನೊಂದು ಸೂಕ್ಷ್ಮವಿದೆ. ಮೂರು ತಿಂಗಳ ಕೀಮೋ ಮುಗಿದ ಮೇಲೆ ಆಪರೇಷನ್ ಎಂದು ನಿಶ್ಚಯಿಸಿದ್ದ ಇಬ್ಬರಲ್ಲಿ ಒಬ್ಬಾಕೆ ಎರಡನೆಯ ತಿಂಗಳಲ್ಲೇ ತೀರಿಕೊಂಡರೆ, ಕಡತದಲ್ಲಿ ಆಕೆ ಸೇರುವುದು ‘ಆಪರೇಷನ್ ಆಗದವರ’ ಲೆಕ್ಕಕ್ಕೆ. ಆಪರೇಷನ್ ಆದವರ ಪಟ್ಟಿಗೆ ಸೇರಲು ಅಲ್ಲಿಯವರೆಗೆ ಬದುಕಿರಲೇಬೇಕು. ವಯಸ್ಸು, ರೋಗದ ಹರಡುವಿಕೆ ಮುಂತಾದ ವ್ಯತ್ಯಾಸಗಳನ್ನು ಗಣಿತದಿಂದ ಸರಿದೂಗಿಸಬಹುದು. ಆದರೆ ರೋಗಿ ತಾನೇ ನಡೆದು ಬಂದಳೇ, ಸ್ಟ್ರೆಚರಿನಲ್ಲಿ ಬಂದಳೇ ಎಂಬುದನ್ನು ಯಾರೂ ಬರೆದಿಡದಿದ್ದರೆ ಯಾವ ಗಣಿತ ಅದನ್ನು ಸರಿಪಡಿಸೀತು?

ಇದರರ್ಥ ಆಪರೇಷನ್ ನಿರುಪಯೋಗಿ ಎಂದಲ್ಲ. ಕೀಮೋಗೆ ಬೇರೆಡೆಯ ಗಡ್ಡೆಗಳು ಕುಗ್ಗಿದರೂ ಅಂಡಾಶಯದ್ದು ಬೆಳೆಯುತ್ತಲೇ ಹೋಗುವುದು ಅನೇಕರಲ್ಲಿ ಕಂಡಿದೆ. ಹೊಟ್ಟೆ ಉಬ್ಬಿ, ನೋವಾಗಿ, ಊಟ ಸೇರದಿದ್ದಾಗ ಅದನ್ನು ತೆಗೆಯುವುದೇ ದೊಡ್ಡ ಉಪಶಮನ. ನಿಮ್ಮ ಡಾಕ್ಟರನ್ನು ಕೇಳಬೇಕಾದದ್ದು ‘ಏಕೆ ತಡ’ ಎಂದಲ್ಲ, ‘ರೋಗ ಇನ್ನೆಲ್ಲೆಲ್ಲಿದೆ, ಎಲ್ಲವನ್ನೂ ತೆಗೆಯಲು ಸಾಧ್ಯವೇ’ ಎಂದು.

ಹಾಗಾದರೆ ಕರುಳಿನ ಆಪರೇಷನ್ ಮಾಡುವಾಗಲೇ ಎಲ್ಲ ಹೆಂಗಸರ ಆರೋಗ್ಯವಂತ ಅಂಡಾಶಯವನ್ನೂ ತೆಗೆದುಬಿಡಬಾರದೇ? ಇದನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಪರೀಕ್ಷಿಸಿದ, 1998ರಲ್ಲಿ ಪ್ರಕಟವಾದ 155 ಮಹಿಳೆಯರ ಅಧ್ಯಯನವೊಂದರಲ್ಲಿ, ತೆಗೆದ ಅಂಡಾಶಯಗಳಲ್ಲಿ ಸೂಕ್ಷ್ಮದರ್ಶಕಕ್ಕೂ ಕರುಳಿನ ಕ್ಯಾನ್ಸರ್ ಸಿಗಲಿಲ್ಲ. ಲಿಂಚ್ ಸಿಂಡ್ರೋಮಿನಂತಹ ವಂಶವಾಹಿ ತೊಂದರೆ ಇರುವ ಮನೆತನಗಳ ಮಾತು ಬೇರೆ. ಅಲ್ಲಿ ಅಂಡಾಶಯದ್ದೇ ಕ್ಯಾನ್ಸರಿನ ಅಪಾಯವೂ ಹೆಚ್ಚಿರುವುದರಿಂದ, ಆಪರೇಷನ್ನಿಗೆ ಮೊದಲೇ ಆ ಚರ್ಚೆ ಆಗಬೇಕು.